ಎರಡು ಜೋಡಿ ಡಿಸ್ಕ್ ಕೊಂಡ ಮೇಲೆ ಗೊತ್ತಾಗಿದ್ದು

ಹಳೆಯ ಸ್ಪೋರ್ಟ್ಸ್ ಕಾರಿನ ಬ್ರೇಕ್ ಡಿಸ್ಕ್ (ಚಕ್ರದ ಜೊತೆ ತಿರುಗುವ ತಟ್ಟೆ), ಅದನ್ನು ಒತ್ತಿ ಹಿಡಿಯುವ ಪ್ಯಾಡ್ ಮನೆಯಲ್ಲೇ ಬದಲಾಯಿಸಬೇಕು, ತೂತಿನ ಡಿಸ್ಕ್ ಹಾಕಲೋ ಸಾದಾ ಹಾಕಲೋ ಎಂದು ಕೇಳಿದ್ದೀರಿ. ಒಂದು ಗಂಟೆಯ ಕೆಲಸ ಎಂದು ಹೇಳುವ ವಿಡಿಯೋ ನೋಡಿದ್ದೀರಂತೆ. ಅಂಥದ್ದನ್ನು ನಾನೂ ನೋಡಿದ್ದೆ.

ನನ್ನದು ಪುಣೆಯಿಂದ ತಂದ ಸೆಕೆಂಡ್ ಹ್ಯಾಂಡ್ ಆಡಿ ಟಿಟಿ. ಮನೆ ಬೆಳಗಾವಿಯ ಟಿಳಕವಾಡಿಯಲ್ಲಿ. ನಮ್ಮ ಮಳೆ ಗೊತ್ತಲ್ವಾ? ಜೂನ್‌ನಲ್ಲಿ ಹಿಡಿದರೆ ಬಿಡುವುದೇ ಇಲ್ಲ. ಆ ನಾಲ್ಕು ತಿಂಗಳು ಕಾರು ಕವರ್ ಹೊದ್ದು ನಿಂತಿತ್ತು. ದಸರೆಗೆ ಹೊರಗೆ ತೆಗೆದಾಗ ಮುಂದಿನ ಚಕ್ರಗಳ ಡಿಸ್ಕ್ ಅಂಚಿನಲ್ಲಿ ಏಣು ಎದ್ದಿತ್ತು, ಪ್ಯಾಡ್ ಸವೆದು ಮುಗಿಯಲು ಬಂದಿತ್ತು. ಸರಿ, ನಾನೇ ಮಾಡುತ್ತೇನೆ ಎಂದು ಕೂತೆ.

ಕೆಲಸ ಚೆನ್ನಾಗಿಯೇ ನಡೆಯಿತು. ಜ್ಯಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಕೊಟ್ಟೆ. ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್ ಬಿಚ್ಚಿ, ಬ್ರೇಕ್ ಪೈಪಿನ ಮೇಲೆ ಭಾರ ಬೀಳದ ಹಾಗೆ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿದೆ. ಹಳೆಯ ಡಿಸ್ಕ್ ಮಾತ್ರ ಹಬ್‌ಗೆ, ಅಂದರೆ ಡಿಸ್ಕ್ ಮತ್ತು ಚಕ್ರ ಕೂರುವ ನಡುಭಾಗಕ್ಕೆ, ಕಚ್ಚಿಕೊಂಡಿತ್ತು. ಸುತ್ತಿಗೆಯಿಂದ ನಾಲ್ಕು ಕೊಟ್ಟ ಮೇಲೆ ಕಳಚಿತು, ಜೊತೆಗೆ ಒಂದು ಹಿಡಿ ಕೆಂಪು ತುಕ್ಕು ನೆಲಕ್ಕೆ ಬಿತ್ತು.

ನನ್ನ ತಪ್ಪು ಇಲ್ಲೇ ಇದೆ. ಸ್ವಲ್ಪ ಉದ್ದ ಹೇಳುತ್ತೇನೆ, ಬೇಜಾರಾಗಬೇಡಿ.

ಡಿಸ್ಕ್ ಕೂರುವ ಹಬ್‌ನ ಮುಖವನ್ನು ಒಂದು ಬಟ್ಟೆಯಿಂದ ಒರೆಸಿದೆ, ಅಷ್ಟೇ. ಅಂಟಿಕೊಂಡಿದ್ದ ತುಕ್ಕಿನ ಪದರ ಹಾಗೇ ಇತ್ತು. ಹೇಗೂ ಮೇಲೆ ಡಿಸ್ಕ್ ಬಂದು ಮುಚ್ಚಿಹೋಗುತ್ತದೆ, ಯಾರು ನೋಡುತ್ತಾರೆ ಅಂದುಕೊಂಡೆ. ಹೊಸ ಡಿಸ್ಕ್ ಇಟ್ಟೆ, ಚಕ್ರದ ಬೋಲ್ಟ್‌ಗಳನ್ನು ಅಡ್ಡಡ್ಡವಾಗಿ ಸರಿಯಾಗಿ 120 ನ್ಯೂಟನ್ ಮೀಟರ್‌ಗೆ ಬಿಗಿದೆ. ಬಿಗಿತ ತೋರಿಸುವ ಟಾರ್ಕ್ ವ್ರೆಂಚ್ ಹಿಡಿದು ಫೋಟೋ ಬೇರೆ ತೆಗೆಸಿಕೊಂಡೆ!

ಆ ತುಕ್ಕಿನ ಹಕ್ಕಳೆ ಹಬ್‌ನ ಒಂದು ಬದಿಯಲ್ಲಿ 0.1 ಮಿಲಿಮೀಟರ್ ದಪ್ಪ ಇದ್ದರೂ ಡಿಸ್ಕ್ ಅಷ್ಟು ಓರೆಯಾಗಿ ಕೂರುತ್ತದೆ. ಹಬ್ ಚಿಕ್ಕದು, ಡಿಸ್ಕ್ ಅದರ ಎರಡು ಪಟ್ಟು ಅಗಲ. ಹಾಗಾಗಿ ಅಂಚಿಗೆ ಬರುವಷ್ಟರಲ್ಲಿ ಆ ಓಲಾಟವೂ ಎರಡು ಪಟ್ಟಾಗುತ್ತದೆ. ಸಾಮಾನ್ಯವಾಗಿ 0.05 ಮಿಲಿಮೀಟರ್ ಆಸುಪಾಸಿನಲ್ಲೇ ಇರಬೇಕಾದದ್ದು ಇದು. ಮೊದಲು ಏನೂ ಗೊತ್ತಾಗುವುದಿಲ್ಲ, ಏಕೆಂದರೆ ಕ್ಯಾಲಿಪರ್ ಪಿನ್‌ಗಳ ಮೇಲೆ ಆಚೀಚೆ ಜಾರುತ್ತಾ ಹೊಂದಿಕೊಳ್ಳುತ್ತದೆ. ಆದರೆ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 11 ಸುತ್ತು ಹಾಕುತ್ತದೆ. ಬ್ರೇಕ್ ಒತ್ತದಿದ್ದಾಗಲೂ ಉಬ್ಬಿದ ಜಾಗ ಪ್ರತಿ ಸುತ್ತಿಗೂ ಪ್ಯಾಡ್‌ಗೆ ತಾಗುತ್ತದೆ. ಸಾವಿರಾರು ಕಿಲೋಮೀಟರ್ ಹೀಗೇ ಸವೆದು ಡಿಸ್ಕ್ ಒಂದು ಕಡೆ ತೆಳ್ಳಗೆ, ಇನ್ನೊಂದು ಕಡೆ ದಪ್ಪ ಆಗುತ್ತದೆ. ಆಮೇಲೆ ಬ್ರೇಕ್ ಒತ್ತಿದರೆ ದಪ್ಪ ಜಾಗ ಬಂದಾಗೆಲ್ಲ ಅದು ಪ್ಯಾಡ್ ಒತ್ತುವ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ, ಪೆಡಲ್ ಮಿಡಿಯುತ್ತದೆ, ಸ್ಟೀರಿಂಗ್ ನಡುಗುತ್ತದೆ.

ನನಗೆ ಅದು ಗೊತ್ತಾಗಿದ್ದು ಚೋರ್ಲಾ ಘಾಟ್ ಇಳಿಯುವಾಗ, ಡಿಸ್ಕ್ ಹಾಕಿ ಮೂರು ಸಾವಿರ ಕಿಲೋಮೀಟರ್ ಆದ ಮೇಲೆ. ಪಕ್ಕದಲ್ಲಿ ಹೆಂಡತಿ. ಸ್ಟೀರಿಂಗ್ ಕೈಯಲ್ಲಿ ಗಡಗಡ ಅನ್ನುತ್ತಿದೆ, ನಾನು ರಸ್ತೆ ಸರಿಯಿಲ್ಲ ಎಂದು ಸುಳ್ಳು ಹೇಳುತ್ತಿದ್ದೇನೆ. ರಸ್ತೆ ಅಲ್ಲಿ ನುಣ್ಣಗಿತ್ತು.

ಯಾರನ್ನು ಕೇಳಿದರೂ ಒಂದೇ ಉತ್ತರ: ಬಿಸಿಗೆ ಡಿಸ್ಕ್ ಬಾಗಿದೆ. ನಂಬಿದೆ. ಈ ಸಲ ತೂತಿನ ಡಿಸ್ಕ್ ತರಿಸಿದೆ, ದುಬಾರಿಯವು. ಬಿಸಿ ಬೇಗ ಆರುತ್ತದೆ, ಬಾಗುವುದಿಲ್ಲ ಎಂಬ ಲೆಕ್ಕ. ಅದೇ ತುಕ್ಕು ಹಬ್‌ನ ಮೇಲೆ ಮತ್ತೆ ಅದೇ ಬಟ್ಟೆ ಆಡಿಸಿ ಹಾಕಿದೆ. ಎರಡು ಸಾವಿರ ಕಿಲೋಮೀಟರಿಗೆ ಕಾಕತಿ ಹತ್ತಿರ ಹೈವೇಯಲ್ಲಿ ಮತ್ತೆ ಗಡಗಡ.

ನಮ್ಮೂರಿನ ಪುಣ್ಯ, ಉದ್ಯಮಬಾಗ್ ಇದೆ. ಫೌಂಡ್ರಿ, ಲೇತ್, ಮಿಲ್ಲಿಂಗ್ ಎಲ್ಲ ಅಲ್ಲೇ. ಬ್ರೇಕ್ ಡಿಸ್ಕ್ ಎಂದರೂ ಕೊನೆಗೆ ಬೀಡು ಕಬ್ಬಿಣವೇ ತಾನೆ. ಪರಿಚಯದ ಒಬ್ಬ ಹಿರಿಯ ಟರ್ನರ್ ಹತ್ತಿರ ಹೋಗಿ, "ಕಾಕಾ, ಡಿಸ್ಕ್ ಬಾಗಿದೆ, ಲೇತ್‌ಗೆ ಹಾಕಿ ಸರಿ ಮಾಡಿಕೊಡಿ" ಅಂದೆ. ಅವರು ಡಿಸ್ಕ್ ಬಿಚ್ಚಲು ಬಿಡಲೇ ಇಲ್ಲ. ಚಕ್ರ ಮಾತ್ರ ತೆಗೆಸಿ, ವಾಷರ್ ಇಟ್ಟು ಬೋಲ್ಟ್ ಬಿಗಿಸಿ, ಓಲಾಟ ಅಳೆಯುವ ಡಯಲ್ ಗೇಜ್ ಹಚ್ಚಿ ಡಿಸ್ಕ್ ತಿರುಗಿಸಿದರು. ಮುಳ್ಳು 0.18 ಮಿಲಿಮೀಟರ್ ಆಡಿತು. ಆಮೇಲೆ ಡಿಸ್ಕ್ ತೆಗೆದು, ಹಬ್ ಕಡೆ ಬೆರಳು ಮಾಡಿದರು.

"ಡಿಸ್ಕ್ ಏನೂ ಬಾಗಿಲ್ಲ ತಮ್ಮಾ. ಹಿಂದ ಇಷ್ಟು ಜಂಗು ಬಿಟ್ಟು ಕೂಡ್ಸೀದಿ ನೋಡು."

ವೈರ್ ಬ್ರಷ್, ಎಮರಿ ಪೇಪರ್, ಹತ್ತು ನಿಮಿಷ. ಹಬ್ ಮುಖ ಬೆಳ್ಳಗಾಯಿತು. ಅದೇ ಡಿಸ್ಕ್ ಮತ್ತೆ ಇಟ್ಟು ಅಳೆದರೆ 0.03. ಆ ಮುಳ್ಳು ನೋಡುತ್ತಾ ನಿಂತಾಗ ನನಗೆ ಎರಡು ಜೋಡಿ ಡಿಸ್ಕಿನ ಬಿಲ್ ಕಣ್ಣೆದುರು ಬಂತು.

ಆದರೆ ಡಿಸ್ಕ್ ಆಗಲೇ ದಪ್ಪ-ತೆಳುವಾಗಿ ಸವೆದಿತ್ತಲ್ಲ. ತೂತಿನದನ್ನು ಲೇತ್‌ಗೆ ಹಾಕಲು ಅವರು ಒಪ್ಪಲಿಲ್ಲ, ತೂತಿನ ಮೇಲೆ ಟೂಲ್ ಕುಣಿಯುತ್ತದೆ ಅಂದರು. ಮೊದಲ ಸಲ ಕೊಂಡ ಸಾದಾ ಜೋಡಿ ಎಲ್ಲಿ ಎಂದು ಕೇಳಿದರು. ಅಟ್ಟದ ಮೇಲಿತ್ತು. ಮೈಕ್ರೋಮೀಟರ್ ಹಿಡಿದು ನೋಡಿದರೆ, ಡಿಸ್ಕ್ ಮೇಲೆ ಕೆತ್ತಿದ ಕನಿಷ್ಠ ದಪ್ಪಕ್ಕಿಂತ ಇನ್ನೂ ಬೇಕಾದಷ್ಟು ಉಳಿದಿತ್ತು. ಲೇತ್‌ನಲ್ಲಿ ಎರಡೂ ಮುಖ ತೆಳ್ಳಗೆ ಹೆರೆದು ಸಮ ಮಾಡಿಕೊಟ್ಟರು. ಹೊಸ ಪ್ಯಾಡ್ ಜೊತೆ ಅವೇ ಇವತ್ತಿಗೂ ಓಡುತ್ತಿವೆ.

ಹಾಗಾಗಿ ತೂತೋ ಸಾದಾವೋ ಎನ್ನುವ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ. ರಸ್ತೆಯ ಕಾರಿಗೆ ಒಳಗೆ ಗಾಳಿ ಆಡುವ ಸಾದಾ ಡಿಸ್ಕ್ ಧಾರಾಳ ಸಾಕು. ತೂತಿನ ಸುತ್ತ ಬಿರುಕು ಬರುವ ತಲೆನೋವು ಬೇರೆ. ಆ ದುಡ್ಡಲ್ಲಿ ಒಂದು ಡಯಲ್ ಗೇಜ್, ಮ್ಯಾಗ್ನೆಟ್ ಸ್ಟ್ಯಾಂಡ್ ತೆಗೆದುಕೊಳ್ಳಿ. ದುಡ್ಡು ಉಳಿಸಲೆಂದು ಮನೆಯಲ್ಲಿ ಮಾಡುತ್ತಿದ್ದರೆ ಬಿಟ್ಟುಬಿಡಿ. ಹಬ್ ಉಜ್ಜುತ್ತಾ ಕೂರುವ ತಾಳ್ಮೆ ಇದ್ದರೆ ಮಾತ್ರ ಮಾಡಿ. ಗ್ಯಾರೇಜಿನ ಅವಸರದಲ್ಲಿ ಅದನ್ನು ಎಷ್ಟು ಜನ ಉಜ್ಜುತ್ತಾರೆ ಹೇಳಿ?

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಹೊಸ ಡಿಸ್ಕ್ ಮೇಲಿನ ಎಣ್ಣೆಯನ್ನು ಬ್ರೇಕ್ ಕ್ಲೀನರ್‌ನಿಂದ ಪೂರ್ತಿ ತೆಗೆಯಿರಿ. ಹಿಂದಿನ ಚಕ್ರದ ಕ್ಯಾಲಿಪರ್ ನನ್ನ ಕಾರಿನ ಹಾಗೆ ಕೇಬಲ್ ಹ್ಯಾಂಡ್‌ಬ್ರೇಕಿನದಾದರೆ ಪಿಸ್ಟನ್ನನ್ನು ಸುಮ್ನೆ ಒತ್ತಬೇಡಿ, ತಿರುಗಿಸುತ್ತಾ ಒತ್ತಬೇಕು, ಇಲ್ಲದಿದ್ದರೆ ಒಳಗೆ ಮುರಿಯುತ್ತದೆ. ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕ್ ಇದ್ದರೆ ಮೊದಲು ಸರ್ವಿಸ್ ಮೋಡ್‌ಗೆ ಹಾಕಿ. ಕೆಲಸ ಮುಗಿದ ಮೇಲೆ ಗೇರ್ ಹಾಕುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ತುಳಿಯಿರಿ. ಮೊದಲ ತುಳಿತಕ್ಕೆ ಅದು ನೆಲದವರೆಗೂ ಹೋಗುತ್ತದೆ, ಗೇಟಿನ ಎದುರು ಅದು ಗೊತ್ತಾಗುವುದು ಬೇಡ. ಆಮೇಲೆ ಪ್ಯಾಡ್ ಡಿಸ್ಕ್‌ಗೆ ಹೊಂದಿಕೊಳ್ಳಲೆಂದು, ಬೆಳಗಿನ ಜಾವ ಖಾಲಿ ರಸ್ತೆಯಲ್ಲಿ ಬ್ರೇಕ್ ಒತ್ತಿ ವೇಗವನ್ನು ಗಂಟೆಗೆ 60 ಕಿಲೋಮೀಟರಿನಿಂದ 20ಕ್ಕೆ ಹತ್ತು ಸಲ ಇಳಿಸಿ, ಪೂರ್ತಿ ನಿಲ್ಲಿಸದೆ.

ಆ ತೂತಿನ ಜೋಡಿಯನ್ನು ಕಾಕಾ ಇಟ್ಟುಕೊಂಡರು. ಒಂದರ ನಡುವೆ ಪೈಪ್ ವೆಲ್ಡ್ ಮಾಡಿ ಲೇತ್ ಪಕ್ಕದ ಫ್ಯಾನಿಗೆ ಸ್ಟ್ಯಾಂಡ್ ಮಾಡಿದ್ದಾರೆ. ಹೋದಾಗಲೆಲ್ಲ ಅದರ ಕಡೆ ನೋಡಿ, "ಗಾಳಿ ಛಲೋ ಬರ್ತೈತಿ ನೋಡು" ಅನ್ನುತ್ತಾರೆ.