ಪಾಯ್ಟಿಂಗರ್ ನಕ್ಷೆ ಯಾವ ಇಸವಿಯದು?

ರೋಮನ್ ರಸ್ತೆಗಳ ಈ ನಕ್ಷೆಯ ಬಗ್ಗೆ ಬರುವ ಪತ್ರಗಳಲ್ಲಿ ಅವೇ ಪ್ರಶ್ನೆಗಳು. ಮೊದಲೇ ಹೇಳಿಬಿಡುತ್ತೇನೆ: ಇದನ್ನು ಪಾಯ್ಟಿಂಗರ್ ಬರೆದಿಲ್ಲ. ಜರ್ಮನಿಯ ಆಗ್ಸ್‌ಬರ್ಗ್‌ನ ಆ ಮನುಷ್ಯನಿಗೆ ಇದು 1508ರಲ್ಲಿ ಗೆಳೆಯ ಕೊನ್ರಾಡ್ ಸೆಲ್ಟಿಸ್‌ನ ಉಯಿಲಿನಿಂದ ಬಂತು, ಅಷ್ಟೇ.

ಉಳಿದಿರುವುದು 1200ರ ಸುಮಾರಿನ ನಕಲು. ಅದು ನಕಲುಗಾರನದೇ ಕಲ್ಪನೆ ಯಾಕಾಗಿರಬಾರದು? ಮೂಲ ಯಾವ ಇಸವಿಯದು?

ಕಲ್ಪನೆ ಅನ್ನುವವರು ನೇಪಲ್ಸ್ ಕೊಲ್ಲಿಯ ಮೇಲೆ ಬೆರಳಿಡಲಿ. ಅಲ್ಲಿ ಪೊಂಪೇಯಿ ಇದೆ, ಹರ್ಕ್ಯುಲೇನಿಯಮ್ ಇದೆ, ನಡುವೆ ಓಪ್ಲಾಂಟಿಸ್ ಎಂಬ ಊರಿದೆ. ಪೊಂಪೇಯಿಯಿಂದ 3 ಮೈಲಿ ಎಂದೂ ಬರೆದಿದೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸಿಡಿದು ಇವೆಲ್ಲ ಮಣ್ಣುಪಾಲಾದವು. 1200ರಲ್ಲಿ ಚರ್ಮದ ಹಾಳೆ ಹಿಡಿದು ಕೂತವನು ಈ ಹೆಸರನ್ನು ಎಲ್ಲಿಂದ ಹುಟ್ಟಿಸಬೇಕು? ತೊರ್ರೆ ಅನುನ್ಸಿಯಾತದಲ್ಲಿ ಅಗೆದು ತೆಗೆದ ರೋಮನ್ ಬಂಗಲೆಗಳಿಗೆ ಓಪ್ಲಾಂಟಿಸ್ ಎಂಬ ಹೆಸರು ಸಿಕ್ಕಿದ್ದೇ ಈ ನಕ್ಷೆಯಿಂದ.

ಹಾಗಾದರೆ 79ಕ್ಕಿಂತ ಹಿಂದಿನದು ಅಂತ ಕುಣಿಯಬೇಡಿ. ಇದೇ ನಕ್ಷೆಯಲ್ಲಿ ಕಾನ್‌ಸ್ಟಾಂಟಿನೋಪಲ್ ರಾಣಿಯ ಹಾಗೆ ಸಿಂಹಾಸನದಲ್ಲಿ ಕೂತಿದೆ. ಆ ರಾಜಧಾನಿ ಉದ್ಘಾಟನೆಯಾಗಿದ್ದು 330ರಲ್ಲಿ. ಒಂದು ಊರು ಹೂತುಹೋಗಿ ಎರಡೂವರೆ ಶತಮಾನದ ಮೇಲೆ ಇನ್ನೊಂದಕ್ಕೆ ಪಟ್ಟ ಕಟ್ಟಿದ್ದು, ನಕ್ಷೆಯಲ್ಲಿ ಎರಡೂ ಜೊತೆಗಿವೆ. ಹಳೆಯ ರಸ್ತೆಪಟ್ಟಿಗೆ ಹೊಸದನ್ನು ಸೇರಿಸುತ್ತಾ ಹೋದರು, ಹಳೆಯದನ್ನು ಹೊಡೆದುಹಾಕಲಿಲ್ಲ. ಆದ್ದರಿಂದ ಯಾರಾದರೂ ಒಂದೇ ಇಸವಿ ಹೇಳಿದರೆ ನಾನು ಅವರ ಉಳಿದ ಮಾತನ್ನೂ ನಂಬುವುದಿಲ್ಲ. ಈಗಿರುವ ರೂಪದ ಮೂಲ 4ನೇ ಶತಮಾನಕ್ಕಿಂತ ಹಿಂದೆ ಹೋಗಲಾರದು ಅನ್ನುವಷ್ಟಕ್ಕೆ ನಿಲ್ಲುತ್ತೇನೆ.

ನಕಲುಗಾರ ಮಾಡಿದ ಹಾನಿ ಬೇರೆ ಕಡೆ ಇದೆ. ರಸ್ತೆ ಅಂದರೆ ಒಂದು ಕೆಂಪು ಗೆರೆ. ಪ್ರತಿ ತಂಗುದಾಣದಲ್ಲಿ ಅದು ಕೊಕ್ಕೆಯಂತೆ ಮುರಿಯುತ್ತದೆ. ಎರಡು ಮುರಿವಿನ ನಡುವೆ ಹೆಸರು, ಪಕ್ಕದಲ್ಲಿ ರೋಮನ್ ಅಂಕಿಯಲ್ಲಿ ದೂರ. ಆ ಅಂಕಿಯಲ್ಲಿ 8 ಅಂದರೆ 5ರ ಗುರುತು, ಮುಂದೆ ಮೂರು ಗೀಟು. ಒಂದು ಗೀಟು ಕೈಬಿಟ್ಟರೆ 7. ಸಾಲದ್ದಕ್ಕೆ ಗಾಲ್ (ಈಗಿನ ಫ್ರಾನ್ಸ್ ಸುತ್ತಮುತ್ತ) ಪ್ರಾಂತ್ಯದಲ್ಲಿ ಲೆಕ್ಕ ಲೀಗ್‌ನಲ್ಲಿದೆ, ಅಂದರೆ ಒಂದೂವರೆ ರೋಮನ್ ಮೈಲಿ. ಇದನ್ನು ನೋಡದೆ ಕೂಡಿ ಕಳೆದು 'ಸಂಶೋಧನೆ' ಬರೆಯುವವರಿದ್ದಾರೆ! ಅಗೆತದಲ್ಲಿ ಸಿಕ್ಕ ಮೈಲಿಗಲ್ಲು ಏನು ಹೇಳುತ್ತದೆ ಅಂತ ನೋಡದೆ ಇಲ್ಲಿನ ಒಂದು ದೂರವನ್ನೂ ನಾನು ಬಳಸುವುದಿಲ್ಲ.

ಈ ನಕಲನ್ನು 1265ರಲ್ಲಿ ಕೊಲ್ಮಾರ್‌ನ ಸನ್ಯಾಸಿ ಬರೆದ ಎಂಬ ಕಥೆಯನ್ನು ದಯವಿಟ್ಟು ಬಿಡಿ. ಅಕ್ಷರದ ಶೈಲಿ ಅದಕ್ಕಿಂತ ಹಳೆಯದು.

ಇಟಲಿ ಅಡ್ಡಡ್ಡ ಮಲಗಿದೆ, ಕಾರ್ತೇಜ್ ರೋಮ್‌ನ ಕಾಲಬುಡದಲ್ಲಿದೆ. ರೋಮನ್ನರಿಗೆ ಭೂಗೋಳ ಬರ್ತಿರಲಿಲ್ವಾ?

ಬರ್ತಿತ್ತು. ಉಳಿದ ಸುರುಳಿ ಸುಮಾರು 6.75 ಮೀಟರ್ ಉದ್ದ, ಎತ್ತರ ಬರೀ 34 ಸೆಂಟಿಮೀಟರ್. ಉತ್ತರ ದಕ್ಷಿಣವನ್ನು ಎಲ್ಲಿ ಹಿಡಿಸುತ್ತೀರಿ?

ಪ್ರಾಚೀನ ಬಂದರು ಮುಸಿರಿಸ್ ಪಕ್ಕ ಈ ನಕ್ಷೆ ತೋರಿಸುವ, ರೋಮನ್ ಚಕ್ರವರ್ತಿ ಅಗಸ್ಟಸ್‌ನ ದೇವಾಲಯದ ಜಾಗವನ್ನು ಗೂಗಲ್ ಮ್ಯಾಪ್ ಮೇಲೆ ಹೊಂದಿಸಿ ತೋರಿಸಿದ ವಿಡಿಯೋ ನೋಡಿದೆ. ನಿಜವೇ?

ಸುಳ್ಳು. ಈ ನಕ್ಷೆಗೆ ಒಂದೇ ಅಳತೆಯಿಲ್ಲ, ಅಕ್ಷಾಂಶ ರೇಖಾಂಶವೂ ಇಲ್ಲ. ಮುಸಿರಿಸ್ ಅಂತ ಹೆಸರಿದೆ, ಪಕ್ಕ ಒಂದು ಕೆರೆ, ದೇವಾಲಯದ ಚಿತ್ರ. ಅದು ಕೇರಳ ಕರಾವಳಿ ಅನ್ನೋದರಲ್ಲಿ ಜಗಳವಿಲ್ಲ. ಆದರೆ ಅಂಥ ದೇವಾಲಯದ ಒಂದು ಕಲ್ಲೂ ಇದುವರೆಗೆ ಸಿಕ್ಕಿಲ್ಲ. ವಿಡಿಯೋ ನಂಬಿ ಯಾರದೋ ತೋಟ ಅಗೆಯಲು ಹೋಗಬೇಡಿ.

ಬನವಾಸಿಯೂ ಇದೆಯಂತೆ?

ಅದು ಪ್ರಾಚೀನ ಭೂಗೋಳಜ್ಞ ಟಾಲೆಮಿಯ ಪುಸ್ತಕದಲ್ಲಿ. ಬೇರೆ ಕೃತಿ.

ಬ್ರಿಟನ್, ಸ್ಪೇನ್ ಸಮೇತ 'ಪೂರ್ಣ ಮೂಲ ನಕ್ಷೆ' ಮಾರಾಟಕ್ಕಿದೆ. ಕೊಳ್ಳಬಹುದೇ?

ಮೂಲ ಉಳಿದೇ ಇಲ್ಲ. 1200ರ ಸುಮಾರಿನ ಆ ನಕಲು ಇರುವುದು ವಿಯೆನ್ನಾದ ಆಸ್ಟ್ರಿಯಾ ರಾಷ್ಟ್ರೀಯ ಗ್ರಂಥಾಲಯದಲ್ಲಿ. ಅದರ ಪಶ್ಚಿಮದ ಹಾಳೆ ಎಂದೋ ಕಳೆದುಹೋಗಿದೆ. ಬ್ರಿಟನ್ನಿನ ಒಂದು ಅಂಚು ಮಾತ್ರ ಉಳಿದಿದೆ. ನೀವು ನೋಡಿದ ಆ ಭಾಗ 19ನೇ ಶತಮಾನದ ಕೊನೆಯಲ್ಲಿ ಜರ್ಮನ್ ವಿದ್ವಾಂಸ ಕೊನ್ರಾಡ್ ಮಿಲ್ಲರ್ ಊಹಿಸಿ ಬರೆದದ್ದಿರಬೇಕು. ಗೋಡೆಗೆ ಚೆನ್ನಾಗಿರುತ್ತದೆ, ತಗೊಳ್ಳಿ. ಮೂಲ ಅಂತ ಜಾಸ್ತಿ ದುಡ್ಡು ಕೊಡಬೇಡಿ.