ಬೇಸ್‌ಬಾಲ್ ಸೀಸನ್ ಮುಗಿದ ಮೇಲೆ ಒಳ್ಳೊಳ್ಳೆ ಪಿಚರ್‌ಗಳನ್ನು (ಚೆಂಡೆಸೆಯುವವರನ್ನು) ತಂಡಗಳು ಬೇರೆ ತಂಡಗಳಿಗೆ ಯಾಕೆ ಬಿಟ್ಟುಕೊಡುತ್ತವೆ?
ಕೈಬಿಟ್ಟು ಹೋಗುವ ಮೊದಲೇ ಒಳ್ಳೆ ಬೆಲೆ ಬರಲಿ ಅಂತ. ಶಿಕಾಗೋ ವೈಟ್ ಸಾಕ್ಸ್ ತಂಡದ ಪಿಚರ್ ಆಗಿದ್ದ ಗ್ಯಾರೆಟ್ ಕ್ರೋಶೆ ವಿಷಯವನ್ನೇ ನೋಡಿ. 2024ರಲ್ಲಿ ಆ ತಂಡ 121 ಪಂದ್ಯ ಸೋತಿತ್ತು. ಅಂಥ ತಂಡದಲ್ಲಿ ಐದಾರು ದಿನಕ್ಕೊಮ್ಮೆ ಚೆಂಡೆಸೆಯುವ ಒಬ್ಬ ಸ್ಟಾರ್ ಇದ್ದು ಏನು ಮಾಡಬೇಕು, ಅಲ್ವಾ? ಆತ ಫ್ರೀ ಏಜೆಂಟ್ ಆಗಲು, ಅಂದರೆ ಇಷ್ಟಬಂದ ತಂಡ ಸೇರಲು ಸ್ವತಂತ್ರನಾಗಲು, ಇನ್ನೂ ಎರಡು ಸೀಸನ್ ಬಾಕಿ ಇತ್ತು, ಸಂಬಳವೂ ಕಡಿಮೆ. ಹಾಗಾಗಿ ಡಿಸೆಂಬರ್‌ನಲ್ಲಿ ಬಾಸ್ಟನ್ ರೆಡ್ ಸಾಕ್ಸ್ ತಂಡ, ಕ್ಯಾಚರ್ (ಚೆಂಡು ಹಿಡಿಯುವವ) ಕೈಲ್ ಟೀಲ್ ಸೇರಿ ನಾಲ್ವರು ಎಳೆಯ ಆಟಗಾರರನ್ನು ಕೊಟ್ಟು ಆತನನ್ನು ಕರೆದುಕೊಂಡಿತು.

ಅದೇ ವರ್ಷ ಫೆಬ್ರವರಿಯಲ್ಲಿ ಪಿಚರ್ ಕಾರ್ಬಿನ್ ಬರ್ನ್ಸ್‌ನನ್ನು ಬಾಲ್ಟಿಮೋರ್ ತಂಡಕ್ಕೆ ಕೊಟ್ಟ ಮಿಲ್ವಾಕಿ ತಂಡಕ್ಕೆ ಸಿಕ್ಕಿದ್ದು ಇಬ್ಬರು ಆಟಗಾರರು, ಒಂದು ಡ್ರಾಫ್ಟ್ ಪಿಕ್ (ಹೊಸ ಆಟಗಾರನನ್ನು ಆರಿಸಿಕೊಳ್ಳುವ ಸರದಿ) ಅಷ್ಟೇ. ಬರ್ನ್ಸ್ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದವನು, ನಿಜ. ಆದರೆ ಆತ ಫ್ರೀ ಏಜೆಂಟ್ ಆಗಲು ಒಂದೇ ಸೀಸನ್ ಉಳಿದಿತ್ತು. ಅದು ಮುಗಿದದ್ದೇ ತಡ, 21 ಕೋಟಿ ಡಾಲರ್‌ಗೆ ಅರಿಜೋನಾ ತಂಡ ಸೇರಿಕೊಂಡ.