ಮೊಬೈಲ್ ಆ್ಯಪ್ ನೋಡಿ ಕಾಡು ಅಣಬೆಯನ್ನು ಗುರುತಿಸಿ ತಿನ್ನಬಹುದೇ?

ವರ್ಗವಾಗಿ ಮಡಿಕೇರಿಗೆ ಬಂದಿದ್ದೀರಿ, ಮನೆಯ ಹಿಂದಿನ ತೋಟದಲ್ಲಿ ಮಳೆಗೆ ಅಣಬೆ ಎದ್ದಿದೆ, ತಿನ್ನುವಂಥದ್ದನ್ನು ಗುರುತಿಸಲು ಯಾವ ಆ್ಯಪ್ ಒಳ್ಳೆಯದು ಎಂದು ಕೇಳಿದ್ದೀರಿ. 2014ರ ಮಳೆಗಾಲದಲ್ಲಿ ನಾನೂ ನಿಮ್ಮಂತೆಯೇ ಇದ್ದೆ. ಮಂಡ್ಯದ ಬಯಲಿನಿಂದ ಕೊಡಗಿನ ಸಿದ್ದಾಪುರದ ಕಡೆಗೆ ಕೆಲಸಕ್ಕೆ ಬಂದು, ಕಾಫಿ ತೋಟದ ಅಂಚಿನಲ್ಲೊಂದು ಬಾಡಿಗೆ ಮನೆ ಹಿಡಿದಿದ್ದೆ. ಕಕ್ಕಡ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ಪಕ್ಕದ ಮನೆಯವರು ಅಕ್ಕಿ ರೊಟ್ಟಿಯೊಂದಿಗೆ ಕುಮ್ಮು ಕರಿ ಬಡಿಸಿದರು. ಕೊಡವರು ಅಣಬೆಯನ್ನು ಕುಮ್ಮು ಎನ್ನುತ್ತಾರೆ. ಅದನ್ನು ತಿಂದ ಮೇಲೆ ನನಗೆ ಅಂಗಡಿಯ ಅಣಬೆ ರುಚಿಸಲಿಲ್ಲ.

ಲೈನ್‌ಮನೆಯಲ್ಲಿ (ತೋಟದ ಕೆಲಸಗಾರರ ಸಾಲುಮನೆ) ಇದ್ದ ಯರವ ಸಮುದಾಯದ ಹಿರಿಯ ಹೆಂಗಸೊಬ್ಬರು ನನ್ನನ್ನು ಸಿಲ್ವರ್ ಓಕ್ ಮರಗಳ ನಡುವಿನ ಒಂದು ಹುತ್ತದ ಬಳಿಗೆ ಕರೆದುಕೊಂಡು ಹೋದರು. ಅವರು ಚೂಪಾದ ಕೋಲಿನಿಂದ ಮಣ್ಣು ಸಡಿಲಿಸಿ, ಒಂದೊಂದು ಅಣಬೆಯನ್ನೂ ನಿಧಾನವಾಗಿ, ಮೊಳಕೈವರೆಗೆ ಮಣ್ಣು ಮೆತ್ತಿಸಿಕೊಂಡು ಎಳೆಯುತ್ತಿದ್ದರು. ಪ್ರತಿಯೊಂದರ ಕೆಳಗೂ ಬಾಲದಂಥ ಉದ್ದನೆಯ ಬೇರು ಬರುತ್ತಿತ್ತು. ಅದು ಕೀಳುವ ರೀತಿ ಎಂದಷ್ಟೇ ನಾನು ತಿಳಿದೆ. ವಾಸ್ತವವಾಗಿ ಅದು ಅವರ ಪರೀಕ್ಷೆಯಾಗಿತ್ತು.

ಮುಂದಿನ ಭಾನುವಾರ ಒಬ್ಬನೇ ಹೋದೆ. ಅದೇ ಹುತ್ತದ ಬಳಿ ಒಂದಷ್ಟು ಸಿಕ್ಕವು. ಹಿಂತಿರುಗುವಾಗ ಕಾಫಿ ಒಣಗಿಸುವ ಕಣದ ಪಕ್ಕದ ಹುಲ್ಲಿನಲ್ಲಿ ಇನ್ನಷ್ಟು ಕಂಡವು. ಎರಡೂ ಕಡೆ ಅಡುಗೆಮನೆಯ ಚಾಕುವಿನಿಂದ ನೆಲಮಟ್ಟಕ್ಕೆ ಕೊಯ್ದು ಒಂದೇ ಬುಟ್ಟಿಗೆ ಹಾಕಿಕೊಂಡೆ. ನನ್ನ ತಪ್ಪು ಇದೇ, ಆದ್ದರಿಂದ ಇದನ್ನು ಬಿಡಿಸಿ ಹೇಳುತ್ತೇನೆ.

ಕಿತ್ತರೆ ಮರುವರ್ಷ ಏಳುವುದಿಲ್ಲ, ಕೊಯ್ದರೆ ಮಣ್ಣಿನೊಳಗಿನ ಭಾಗ ಉಳಿಯುತ್ತದೆ ಎಂದು ಎಲ್ಲೋ ಓದಿದ್ದೆ. ಸ್ವಿಟ್ಜರ್ಲೆಂಡಿನ ಕಾಡಿನಲ್ಲಿ 29 ವರ್ಷ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಿತ್ತರೂ ಕೊಯ್ದರೂ ಮುಂದಿನ ಫಸಲಿನಲ್ಲಿ ವ್ಯತ್ಯಾಸ ಕಂಡಿರಲಿಲ್ಲ ಎಂಬುದನ್ನು ನಾನು ತಿಳಿದದ್ದು ಬಹಳ ತಡವಾಗಿ. ಹುತ್ತದ ಅಣಬೆಯನ್ನು ಸಾಕುವುದು ಗೆದ್ದಲುಗಳು. ಅವು ನೆಲದೊಳಗಿನ ಗೂಡಿನಲ್ಲಿ ಆ ಶಿಲೀಂಧ್ರವನ್ನು ಬೆಳೆಸಿ ತಿನ್ನುತ್ತವೆ. ನಮಗೆ ಕಾಣುವ ಕೊಡೆ ಆ ಗೂಡಿನಿಂದಲೇ ಬೇರಿನಂಥ ಉದ್ದ ಕಾಂಡದ ಮೂಲಕ ಮೇಲೇಳುತ್ತದೆ. ಹುಲ್ಲಿನಲ್ಲಿ ಎದ್ದ ಇನ್ನೊಂದಕ್ಕೆ ಆ ಬೇರಿರುವುದಿಲ್ಲ, ಕಾಂಡದ ಬುಡ ಸ್ವಲ್ಪ ಉಬ್ಬಿಕೊಂಡು ಅಲ್ಲಿಗೇ ಮುಗಿಯುತ್ತದೆ. ಎಳೆಯದಾಗಿದ್ದಾಗ ಅದರ ಕೊಡೆಯಡಿಯ ಪದರಗಳೂ ಬೆಳ್ಳಗೇ ಇರುತ್ತವೆ, ಮೇಲಿನ ಕಂದು ಹುರುಪೆಗಳನ್ನು ಜೋರು ಮಳೆ ತೊಳೆದುಬಿಡುತ್ತದೆ. ಹಾಗಾಗಿ ಅಂದು ಎರಡನ್ನೂ ಬೇರ್ಪಡಿಸಲು ನನ್ನ ಮಟ್ಟಿಗೆ ಇದ್ದ ಒಂದೇ ಗುರುತು ಮಣ್ಣಿನೊಳಗಿತ್ತು; ನಾನು ಅದನ್ನು ಚಾಕುವಿನಿಂದ ಕತ್ತರಿಸಿ ಅಲ್ಲೇ ಬಿಟ್ಟು ಬಂದೆ. ಅಗೆದಿದ್ದರೆ ಕಣದ ಪಕ್ಕದಲ್ಲೇ ವ್ಯತ್ಯಾಸ ತಿಳಿಯುತ್ತಿತ್ತು. ಕಡೆಯ ಪಕ್ಷ ಬೇರೆ ಬೇರೆ ಬುಟ್ಟಿಯಲ್ಲಿ ತಂದಿದ್ದರೂ ಯಾರಾದರೂ ನೋಡಿ ಹೇಳುತ್ತಿದ್ದರು.

ಅಡುಗೆ ಕುದಿಯುವಾಗ ನನ್ನ ಹೆಂಡತಿ ಬೆಳ್ಳಿಯ ನಾಣ್ಯವೊಂದನ್ನು ಹಾಕಿ ನೋಡಿದಳು, ಅದು ಕಪ್ಪಾಗಲಿಲ್ಲ. ಆ ಪರೀಕ್ಷೆಗೆ ಯಾವ ಆಧಾರವೂ ಇಲ್ಲ. ಹುಳು ತಿಂದದ್ದನ್ನು ಮನುಷ್ಯರೂ ತಿನ್ನಬಹುದು ಎಂಬ ಮಾತೂ ಅಷ್ಟೇ. ರಾತ್ರಿ ಎಂಟಕ್ಕೆ ಉಂಡೆವು. ಹತ್ತು ಗಂಟೆಗೆ ನನ್ನ ತಾಯಿಗೆ ವಾಂತಿ ಆರಂಭವಾಯಿತು, ಆಮೇಲೆ ನಮ್ಮಿಬ್ಬರಿಗೂ. ನಾವಿಬ್ಬರೂ ಬೆಳಿಗ್ಗೆಯ ಹೊತ್ತಿಗೆ ಸುಧಾರಿಸಿಕೊಂಡೆವು; ಅರವತ್ತು ದಾಟಿದ್ದ ತಾಯಿ ಎರಡು ದಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಬೇಕಾಯಿತು. ತಿಂದದ್ದು ಯಾವುದು ಎಂದು ವೈದ್ಯರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದು ನೋಡಿದರೆ ಎರಡು ಕೊಡೆಗಳು ಅಡುಗೆಮನೆಯಲ್ಲಿ ಹಾಸಿದ್ದ ಪತ್ರಿಕೆಯ ಮೇಲೆ ಪದರಗಳು ಕೆಳಗಾಗಿ ಕವುಚಿ ಬಿದ್ದಿದ್ದವು. ಒಂದರ ಕೆಳಗೆ ಬಿದ್ದ ಬೀಜಕದ (ಅಣಬೆ ಉದುರಿಸುವ ಬೀಜದಂಥ ಸೂಕ್ಷ್ಮ ಕಣಗಳ) ಪುಡಿ ತಿಳಿ ಗುಲಾಬಿ ಬಣ್ಣದ್ದು; ಇನ್ನೊಂದರದ್ದು ಹಸಿರು. ಹಸಿರು ಪುಡಿ ಉದುರಿಸುವ ಆ ಹುಲ್ಲಿನ ಅಣಬೆ ಹೊಟ್ಟೆ ಕೆಡಿಸುತ್ತದೆ, ಸಾಮಾನ್ಯವಾಗಿ ಜೀವ ತೆಗೆಯುವುದಿಲ್ಲ.

ಜೀವ ತೆಗೆಯುವ ಅಣಬೆಗಳ ಲಕ್ಷಣ ಬೇರೆ. ಯಕೃತ್ತನ್ನು ಹಾಳುಮಾಡುವ ವಿಷವುಳ್ಳವು ತಿಂದ ಆರು ಗಂಟೆಯ ನಂತರ, ಕೆಲವೊಮ್ಮೆ ಮರುದಿನ, ವಾಂತಿ ಭೇದಿ ತರುತ್ತವೆ. ನಡುವೆ ಗುಣವಾದಂತೆ ಕಾಣಿಸಿ, ಆಮೇಲೆ ಯಕೃತ್ತು ಸೋಲುತ್ತದೆ. ಕುದಿಸಿದರೂ ಆ ವಿಷ ಹೋಗುವುದಿಲ್ಲ. ತಡವಾಗಿ ಬಂದ ವಾಂತಿಯನ್ನು ಮನೆಯಲ್ಲಿ ಕಷಾಯ ಕುಡಿದು ಕಳೆಯಬೇಡಿ, ಆಸ್ಪತ್ರೆಗೆ ಹೊರಡಿ, ಉಳಿದ ಅಣಬೆಯನ್ನು ಕಾಗದದಲ್ಲಿ ಸುತ್ತಿ ಒಯ್ಯಿರಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಯಾವ ಆ್ಯಪ್ ಒಳ್ಳೆಯದು ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನೀವು ಮೇಲಿನಿಂದ ತೆಗೆದ ಚಿತ್ರದಲ್ಲಿ ಬೇರೂ ಇಲ್ಲ, ಬೀಜಕದ ಬಣ್ಣವೂ ಇಲ್ಲ. ಇಲ್ಲದ್ದನ್ನು ಯಾವ ಆ್ಯಪ್ ಹೇಗೆ ಓದುತ್ತದೆ? ತಿನ್ನುವ ಅಣಬೆಗಳನ್ನೆಲ್ಲ ಕಲಿಯುವ ಆಸೆಯನ್ನೂ ಬಿಡಿ. ಒಂದೇ ಬಗೆಯನ್ನು, ಹುತ್ತದ ಅಣಬೆಯನ್ನು, ಅದನ್ನು ಚಿಕ್ಕಂದಿನಿಂದ ಕಿತ್ತು ಬಲ್ಲವರೊಂದಿಗೆ ಒಂದು ಇಡೀ ಮಳೆಗಾಲ ಕಲಿಯಿರಿ. ಹುತ್ತವನ್ನು ಕೆಡಿಸದಿದ್ದರೆ ಅದೇ ಜಾಗದಲ್ಲಿ ಮತ್ತೆ ಏಳುತ್ತದೆ, ಆದ್ದರಿಂದ ಅವಸರಪಡಬೇಕಾಗಿಲ್ಲ. ತೋಟಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನೋ ಬೇರೆ ಔಷಧಿಯನ್ನೋ ಯಾವಾಗ ಸಿಂಪಡಿಸಿದರು ಎಂದು ಮಾಲೀಕರನ್ನು ಕೇಳಿ. ಸಿಂಪಡಿಸಿದ ಹೊಸತರಲ್ಲಿ ಅಲ್ಲಿಯದನ್ನು ಮುಟ್ಟಬೇಡಿ. ನಾಗರಹೊಳೆಯಂಥ ರಕ್ಷಿತ ಅರಣ್ಯದೊಳಗೆ ಅಣಬೆ ಕೀಳಲು ಹೋಗಲೇಬೇಡಿ.

ನಿಮ್ಮ ಮನೆಯ ಹಿಂದೆ ಎದ್ದಿರುವುದನ್ನು ನಾಳೆ ಬೆಳಿಗ್ಗೆ ಕೋಲಿನಿಂದ ಅಗೆದು, ಬುಡದ ಮಣ್ಣಿನ ಸಮೇತ ಎತ್ತಿ, ತೋಟದ ಕೆಲಸಕ್ಕೆ ಬರುವ ಹಿರಿಯರಿಗೆ ತೋರಿಸಿ. ಅವರು ಮೊದಲು ನೋಡುವುದು ಕೊಡೆಯನ್ನಲ್ಲ, ಬುಡವನ್ನು.